ಮೆದುಳಿನಲ್ಲಿ ಹೊಸ ಚಿಗುರು: ಒಂದು ಪ್ರಶ್ನೆಯ ಚರಿತ್ರೆ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಹತ್ತನೇ ತರಗತಿಯ ಒಂದು ವಿಜ್ಞಾನದ ಪೀರಿಯಡ್. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿದ ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಎಸ್ಸೆಸ್ಸೆಲ್ಸಿ ಓದಿದ ಯಾರಿಗಾದರೂ ಆ ಪಾಠ ನೆನಪಿರುತ್ತದೆ. ನರಕೋಶದ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸುವುದು ಪರೀಕ್ಷೆಗೆ ಗ್ಯಾರಂಟಿ ಪ್ರಶ್ನೆ. ಅಂದು ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಚಿತ್ರ ಬರೆದು, "ಚರ್ಮ ಕಿತ್ತುಹೋದರೆ ಹೊಸ ಕೋಶ ಬರುತ್ತೆ. ಆದರೆ ಮೆದುಳಿನ ನರಕೋಶ ಒಂದು ಸಲ ಸತ್ತರೆ ಮತ್ತೆ ಹುಟ್ಟೋದಿಲ್ಲ" ಎಂದರು.

ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಸಾರ್, ಅದು ಹೆಂಗ್ ಗೊತ್ತಾಯ್ತು? ಬದುಕಿರೋರ ತಲೆ ಬಿಚ್ಚಿ ನೋಡೋಕಾಗುತ್ತಾ?" ಎಂದು ಕೇಳಿದ. ಇಡೀ ಕ್ಲಾಸು ನಕ್ಕಿತು. ಮೇಷ್ಟ್ರು ಮಾತ್ರ ನಗಲಿಲ್ಲ. "ಒಳ್ಳೇ ಪ್ರಶ್ನೆ ಕಣಪ್ಪ. ನನಗೂ ಗೊತ್ತಿಲ್ಲ. ಯಾರಿಗಾದರೂ ಗೊತ್ತಾದರೆ ಬಂದು ನನಗೂ ಹೇಳಿ" ಎಂದರು.

ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು, ವೈದ್ಯನಲ್ಲ. ಆದರೂ ಸುಮಾರು ಇಪ್ಪತ್ತು ವರ್ಷ ತಡವಾಗಿ ಆ ಪ್ರಶ್ನೆಗೆ ನನಗೆ ಸಿಕ್ಕಷ್ಟು ಉತ್ತರವನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ. ಈ ವಿಷಯವನ್ನು ಅರ್ಧ ತಿಳಿದುಕೊಂಡು ನಾನೇ ಒಂದು ದೊಡ್ಡ ತಪ್ಪು ಮಾಡಿದ್ದೇನೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ನಮ್ಮ ಮೇಷ್ಟ್ರು ಹೇಳಿದ ಮಾತಿಗೆ ನೂರು ವರ್ಷದ ಇತಿಹಾಸವಿದೆ. ಸ್ಪೇನ್ ದೇಶದ ಸಾಂಟಿಯಾಗೊ ರಮೋನ್ ಇ ಕಹಾಲ್ ಎಂಬ ವಿಜ್ಞಾನಿ ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಕೈಯಿಂದಲೇ ಅವುಗಳ ಚಿತ್ರ ಬರೆದರು. 1906ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ವಯಸ್ಕರ ಮೆದುಳಿನಲ್ಲಿ ನರಕೋಶ ಸಾಯಬಹುದೇ ಹೊರತು ಮತ್ತೆ ಹುಟ್ಟಲಾರದು ಎಂಬ ತೀರ್ಮಾನಕ್ಕೆ ಬಂದವರು ಅವರೇ. ಆದರೆ ಅದೇ ಉಸಿರಿನಲ್ಲಿ ಅವರು ಇನ್ನೊಂದು ಮಾತನ್ನೂ ಬರೆದಿದ್ದರು. ಈ ಕಠಿಣ ತೀರ್ಪನ್ನು ಸಾಧ್ಯವಾದರೆ ಮುಂದಿನ ಕಾಲದ ವಿಜ್ಞಾನ ಬದಲಿಸಲಿ ಎಂಬುದು ಅದರ ಸಾರಾಂಶ. ತೀರ್ಪು ಪಠ್ಯಪುಸ್ತಕಗಳಿಗೆ ಬಂತು. ಎರಡನೇ ಮಾತು ಬರಲಿಲ್ಲ.

ಆ ತೀರ್ಪನ್ನು ಮೊದಲು ಅಲುಗಾಡಿಸಿದವರು ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ಜೋಸೆಫ್ ಆಲ್ಟ್‌ಮನ್. ಒಂದು ಕೋಶ ಎರಡಾಗುವ ಮೊದಲು ತನ್ನ ಡಿ.ಎನ್.ಎ.ಯ ನಕಲು ಮಾಡಿಕೊಳ್ಳಬೇಕು. ಆ ನಕಲಿಗೆ ಬೇಕಾದ ಥೈಮಿಡಿನ್ ಎಂಬ ವಸ್ತುವಿಗೆ ವಿಕಿರಣದ ಗುರುತು ಹಾಕಿ ಇಲಿಗಳಿಗೆ ಕೊಟ್ಟರೆ, ಆಮೇಲೆ ಹುಟ್ಟಿದ ಕೋಶಗಳಲ್ಲಿ ಮಾತ್ರ ಆ ಗುರುತು ಕಾಣುತ್ತದೆ. ಜಾತ್ರೆಯಲ್ಲಿ ಹೊಸದಾಗಿ ಕೊಂಡ ಕುರಿಗಳಿಗೆ ಬಣ್ಣ ಹಚ್ಚಿ ಮಂದೆಗೆ ಬಿಟ್ಟಂತೆ. 1962ರಲ್ಲಿ ಆಲ್ಟ್‌ಮನ್ ಇದನ್ನು ಪ್ರಕಟಿಸಿದರು. 1965ರಲ್ಲಿ ಭಾರತ ಮೂಲದ ಗೋಪಾಲ್ ದಾಸ್ ಅವರೊಡನೆ ಸೇರಿ, ಇಲಿಯ ಮೆದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಹುಟ್ಟಿದ ಮೇಲೂ ಹೊಸ ನರಕೋಶಗಳು ಬರುತ್ತವೆ ಎಂದು ತೋರಿಸಿದರು. ಹೊಸ ನೆನಪುಗಳು ಮೂಡಲು ಬೇಕಾದ ಭಾಗ ಅದು.

ನಮ್ಮ ಶಾಲೆ ಶುರುವಾಗುವುದಕ್ಕೆ ಹತ್ತು ವರ್ಷ ಮೊದಲೇ ಈ ಪ್ರಬಂಧ ಅಚ್ಚಾಗಿತ್ತು. ಆದರೆ ಕೇಳುವವರು ಕಡಿಮೆ. 1977ರಲ್ಲಿ ಮೈಕೆಲ್ ಕಪ್ಲಾನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಅದೇ ಮಾತು ಹೇಳಿದರು. ಅವರನ್ನೂ ಹೆಚ್ಚಿನವರು ನಂಬಲಿಲ್ಲ. 1985ರಲ್ಲಿ ಪಾಸ್ಕೊ ರಾಕಿಚ್ ಎಂಬ ಹೆಸರಾಂತ ವಿಜ್ಞಾನಿ ಕೋತಿಗಳ ಮೆದುಳನ್ನು ಪರೀಕ್ಷಿಸಿ, ವಯಸ್ಕ ಕೋತಿಗಳಲ್ಲಿ ಹೊಸ ನರಕೋಶ ಕಾಣಲಿಲ್ಲ ಎಂದರು. ಅದೇ ದಶಕದಲ್ಲಿ ಫರ್ನಾಂಡೊ ನಾಟೆಬಾಮ್ ಹಾಡುವ ಕ್ಯಾನರಿ ಹಕ್ಕಿಗಳ ಮೆದುಳಿನಲ್ಲಿ ಹೊಸ ನರಕೋಶಗಳು ಬರುವುದನ್ನು ತೋರಿಸಿದರು. ಹಕ್ಕಿಯ ಮಾತು ಹಕ್ಕಿಗಾಯಿತು, ಮನುಷ್ಯರದ್ದೇನು ಎಂಬ ಪ್ರಶ್ನೆ ಹಾಗೇ ಉಳಿಯಿತು.

1992ರಲ್ಲಿ ಕೆನಡಾದ ಬ್ರೆಂಟ್ ರೆನಾಲ್ಡ್ಸ್ ಮತ್ತು ಸ್ಯಾಮ್ಯುಯೆಲ್ ವೈಸ್ ಬೆಳೆದ ಇಲಿಯ ಮೆದುಳಿನಿಂದ ಕೋಶಗಳನ್ನು ತೆಗೆದು ತಟ್ಟೆಯಲ್ಲಿ ಬೆಳೆಸಿದರು. ಕೆಲವು ವಿಭಜಿಸಿ ನರಕೋಶಗಳಾದವು. ಇವನ್ನೇ ಸ್ಟೆಮ್ ಸೆಲ್ ಅಥವಾ ಆಕರಕೋಶ ಎನ್ನುತ್ತಾರೆ. ಆಕರಕೋಶಕ್ಕೆ ಎರಡು ಗುಣ. ತನ್ನಂಥದ್ದನ್ನೇ ಹುಟ್ಟಿಸಬಲ್ಲದು, ಬೇರೆ ಬಗೆಯ ಕೋಶವನ್ನೂ ಹುಟ್ಟಿಸಬಲ್ಲದು. ಬಿತ್ತನೆಗೆಂದು ಎತ್ತಿಟ್ಟ ಬೀಜ ಬೆಳೆದ ಮೆದುಳಿನಲ್ಲೂ ಇದೆ ಎಂದಾಯಿತು.

ಮನುಷ್ಯರ ಸಾಕ್ಷಿ ಬಂದದ್ದು 1998ರಲ್ಲಿ. ಕ್ಯಾನ್ಸರ್ ಎಷ್ಟು ಬೆಳೆಯುತ್ತಿದೆ ಎಂದು ತಿಳಿಯಲು ಸ್ವೀಡನ್ನಿನಲ್ಲಿ ಕೆಲವು ರೋಗಿಗಳಿಗೆ, ಹೊಸ ಕೋಶಗಳಿಗೆ ಗುರುತು ಹಾಕುವ ಒಂದು ಔಷಧ ಕೊಟ್ಟಿದ್ದರು. ಅಂಥ ಐದು ಜನ ತೀರಿಕೊಂಡ ಮೇಲೆ ಅವರ ಮೆದುಳನ್ನು ಪೀಟರ್ ಎರಿಕ್ಸನ್ ಮತ್ತು ಫ್ರೆಡ್ ಗೇಜ್ ತಂಡ ಪರೀಕ್ಷಿಸಿತು. ಹಿಪ್ಪೊಕ್ಯಾಂಪಸ್‌ನಲ್ಲಿ ಗುರುತುಳ್ಳ ಹೊಸ ನರಕೋಶಗಳಿದ್ದವು. ಬದುಕಿರುವವರ ತಲೆ ಬಿಚ್ಚಿ ನೋಡಲಾಗದು ಎಂದ ನಮ್ಮ ಗೆಳೆಯನಿಗೆ ಇದು ಉತ್ತರ. ಸಾವಿನ ಮುಂಚೆ ಬದುಕಿನ ಗುರುತನ್ನು ಹಾಕಿಸಿಕೊಂಡಿದ್ದ ಐವರು ರೋಗಿಗಳು ಆ ಉತ್ತರ ಕೊಟ್ಟರು.

2013ರಲ್ಲಿ ಸ್ವೀಡನ್ನಿನ ಯೋನಾಸ್ ಫ್ರಿಸೆನ್ ತಂಡ ಇನ್ನೊಂದು ಉಪಾಯ ಹೂಡಿತು. 1950-60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚಾಗಿ, 1963ರ ಬಳಿಕ ನಿಧಾನವಾಗಿ ಇಳಿಯಿತು. ಗಿಡಗಳ ಮೂಲಕ, ಅನ್ನದ ಮೂಲಕ ಅದು ಎಲ್ಲರ ಮೈಗೂ ಸೇರಿದೆ. ಒಂದು ಕೋಶದ ಡಿ.ಎನ್.ಎ.ಯಲ್ಲಿ ಅದು ಎಷ್ಟಿದೆ ಎಂದು ಅಳೆದರೆ ಆ ಕೋಶ ಯಾವ ಕಾಲದಲ್ಲಿ ಹುಟ್ಟಿತು ಎಂದು ಲೆಕ್ಕ ಹಾಕಬಹುದು. ಅವರಿಗೆ ಸಿಕ್ಕ ಲೆಕ್ಕ: ಒಂದೊಂದು ಬದಿಯ ಹಿಪ್ಪೊಕ್ಯಾಂಪಸ್‌ನಲ್ಲಿ ದಿನಕ್ಕೆ ಸುಮಾರು 700 ಹೊಸ ನರಕೋಶ.

ನಾನು ತಪ್ಪಿದ್ದು ಈ ಅಂಕಿಯಲ್ಲೇ.

2014ರಲ್ಲಿ ನಮ್ಮ ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ಕಡಲೆಕಾಯಿ ಬಿಡಿಸುವ ಕಾಲ. ಬಲಗೈ, ಬಲಗಾಲು ಬಿದ್ದುಹೋದವು. ಮೂರು ತಿಂಗಳಾದ ಮೇಲೆ ದೊಡ್ಡಪ್ಪನ ಮಗ, ನಮ್ಮಣ್ಣ, ಫೋನ್ ಮಾಡಿ, "ಒಂದು ಕ್ಲಿನಿಕ್‌ನೋರು ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಸ್ಟೆಮ್ ಸೆಲ್ ಮಾಡಿ ಬೆನ್ನಿಗೆ ಚುಚ್ತಾರಂತೆ. ಮೆದುಳು ಹೊಸದಾಗಿ ಬೆಳೆಯುತ್ತಂತೆ. ನೀನು ಓದಿರೋನು, ನಿಜಾನಾ?" ಎಂದು ಕೇಳಿದ. ನಾನು ಆಗತಾನೆ ಮೊಬೈಲ್‌ನಲ್ಲಿ ಆ 700ರ ಸುದ್ದಿ ಓದಿದ್ದೆ. "ದಿನಕ್ಕೆ ಏಳುನೂರು ಹುಟ್ಟುತ್ತಂತೆ ಅಣ್ಣ, ಮಾಡಿಸು" ಎಂದುಬಿಟ್ಟೆ. ಬೋರ್‌ವೆಲ್‌ಗೆ ಕೂಡಿಟ್ಟಿದ್ದ ದುಡ್ಡು, ಎತ್ತು ಮಾರಿದ ದುಡ್ಡು, ಮೇಲೆ ಸಾಲ, ಒಟ್ಟು ಮೂರು ಲಕ್ಷ ದಾಟಿತು. ಕೈ ಏಳಲಿಲ್ಲ.

ಆಮೇಲೆ ಕೂತು ಸರಿಯಾಗಿ ಓದಿದೆ. ಆ 700 ಹುಟ್ಟುವುದು ನೆನಪಿನ ಭಾಗದ ಒಂದು ಸಣ್ಣ ಮೂಲೆಯಲ್ಲಿ. ಕೈಕಾಲು ಆಡಿಸುವ ಭಾಗ ಬೇರೆಯೇ ಇದೆ. ಹುಟ್ಟಿದರೂ, ಅಲ್ಲಿ ಬದಲಾಗುವ ಕೋಶಗಳ ಪೈಕಿ ವರ್ಷಕ್ಕೆ ಹೊಸದಾಗುವುದು ಶೇಕಡಾ 1.75ರಷ್ಟು ಮಾತ್ರ ಎಂದು ಅದೇ ಪ್ರಬಂಧದಲ್ಲಿತ್ತು. ಮೂಳೆಮಜ್ಜೆಯ ಆಕರಕೋಶ ಸಹಜವಾಗಿ ಹುಟ್ಟಿಸುವುದು ರಕ್ತದ ಕೋಶಗಳನ್ನು. ಅದನ್ನು ಬೆನ್ನಿಗೆ ಚುಚ್ಚಿದರೆ ಮೆದುಳಿನಲ್ಲಿ ಕಳೆದುಹೋದ ಜಾಗ ತುಂಬುತ್ತದೆ ಎಂಬುದಕ್ಕೆ ಆಧಾರವಿರಲಿಲ್ಲ. 2017ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಹೊರಡಿಸಿದ ಮಾರ್ಗಸೂಚಿಯೂ ಸ್ಪಷ್ಟವಾಗಿದೆ. ಕೆಲವು ರಕ್ತದ ಕಾಯಿಲೆಗಳಂಥ ಒಪ್ಪಿಗೆ ಪಡೆದ ಚಿಕಿತ್ಸೆ ಬಿಟ್ಟರೆ, ಉಳಿದದ್ದೆಲ್ಲ ಅನುಮತಿ ಪಡೆದ ಸಂಶೋಧನೆಯಾಗಿ ನಡೆಯಬೇಕೇ ಹೊರತು ವ್ಯಾಪಾರವಾಗಿ ಅಲ್ಲ.

ದೊಡ್ಡಪ್ಪನ ಬೆರಳು ಒಂದಿಷ್ಟಾದರೂ ಆಡಿದ್ದು ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿಯಿಂದ. ಬದುಕುಳಿದ ನರಕೋಶಗಳು ಅಭ್ಯಾಸದಿಂದ ಹೊಸ ಸಂಪರ್ಕ ಬೆಳೆಸಿಕೊಳ್ಳುತ್ತವೆ. ಹೊಸ ಕೋಶ ಹುಟ್ಟುವುದು ಬೇರೆ, ಹಳೆಯ ಕೋಶಗಳ ನಡುವೆ ಹೊಸ ದಾರಿ ಬೀಳುವುದು ಬೇರೆ. ಎರಡನೆಯದು ನಿಧಾನ, ಆದರೆ ನಿಜ. ಇನ್ನೊಂದು ಮಾತನ್ನು ಊರಿನವರಿಗೆ ಕೈಮುಗಿದು ಹೇಳುತ್ತೇನೆ. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ನಾಟಿ ಔಷಧಿಗೆ ಅಲೆಯದೆ ಕೂಡಲೇ 108ಕ್ಕೆ ಫೋನ್ ಮಾಡಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ಇನ್ನು ವಿಜ್ಞಾನದ ಕಥೆ ಅಲ್ಲಿಗೇ ಮುಗಿಯಲಿಲ್ಲ. 2018ರಲ್ಲಿ ಕ್ಯಾಲಿಫೋರ್ನಿಯಾದ ಒಂದು ತಂಡ, ಮಕ್ಕಳಲ್ಲಿ ಹೊಸ ನರಕೋಶ ಕಾಣುತ್ತದೆ, ವಯಸ್ಕರಲ್ಲಿ ಕಾಣುವುದೇ ಇಲ್ಲ ಎಂದಿತು. ಒಂದೇ ತಿಂಗಳಲ್ಲಿ ನ್ಯೂಯಾರ್ಕಿನ ಇನ್ನೊಂದು ತಂಡ, 79ರ ವಯಸ್ಸಿನವರೆಗೂ ಇವೆ ಎಂದಿತು. 2019ರಲ್ಲಿ ಮ್ಯಾಡ್ರಿಡ್‌ನ ತಂಡ, ಇವೆ, ಆದರೆ ಆಲ್‌ಝೈಮರ್ ಎಂಬ ಮರೆವಿನ ಕಾಯಿಲೆಯಲ್ಲಿ ಕಡಿಮೆಯಾಗುತ್ತವೆ ಎಂದಿತು. ಸಾವಿನ ಬಳಿಕ ಎಷ್ಟು ಹೊತ್ತಿಗೆ ಮೆದುಳನ್ನು ಸಂರಕ್ಷಿಸಿದರು, ಯಾವ ರಾಸಾಯನಿಕದಲ್ಲಿ ಇಟ್ಟರು ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ. 2025ರ ಜುಲೈನಲ್ಲಿ ಫ್ರಿಸೆನ್ ತಂಡ ಮತ್ತೆ, ವಯಸ್ಕರಲ್ಲೂ ನರಕೋಶಕ್ಕೆ ಜನ್ಮ ಕೊಡುವ ಕೋಶಗಳು ವಿಭಜಿಸುತ್ತಿರುವುದನ್ನು ಕಂಡೆವು ಎಂದು ಪ್ರಕಟಿಸಿತು. ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಿ ಅಲ್ಲ.

ಈ ವಾದ ತೀರಬೇಕಾದರೆ ಚೆನ್ನಾಗಿ ಸಂರಕ್ಷಿಸಿದ ಮೆದುಳುಗಳು ಬೇಕು. ಅಂಥ ಕೆಲಸ ನಮ್ಮ ಬೆಂಗಳೂರಿನಲ್ಲೇ ನಡೆಯುತ್ತಿದೆ. ನಿಮ್ಹಾನ್ಸ್ 1974ರಲ್ಲಿ ಆ ಹೆಸರು ಪಡೆಯಿತು, ನಮ್ಮ ಶಾಲೆಗಿಂತ ಒಂದೇ ವರ್ಷ ಹಿರಿಯದು. ಅಲ್ಲಿ 1995ರಲ್ಲಿ ಡಾ. ಎಸ್. ಕೆ. ಶಂಕರ್ ಅವರ ಮುಂದಾಳುತನದಲ್ಲಿ ಮಾನವ ಮೆದುಳು ಬ್ಯಾಂಕ್ ಆರಂಭವಾಯಿತು. ತೀರಿಕೊಂಡವರ ಕುಟುಂಬದವರು ದುಃಖದ ನಡುವೆಯೂ ಒಪ್ಪಿ ಕೊಟ್ಟ ದಾನ ಅದು. ಅಲ್ಲಿನ ಮೆದುಳಿನ ವಸ್ತುಸಂಗ್ರಹಾಲಯವನ್ನು ಶಾಲಾ ಮಕ್ಕಳೂ ನೋಡಬಹುದು.

2009ರಲ್ಲಿ ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣದಲ್ಲಿ ಆಕರಕೋಶಗಳ ಸಂಶೋಧನೆಗೆಂದೇ ಇನ್‌ಸ್ಟೆಮ್ ಸಂಸ್ಥೆ ಹುಟ್ಟಿತು. ಅದು, ಪಕ್ಕದ ಎನ್.ಸಿ.ಬಿ.ಎಸ್. ಮತ್ತು ನಿಮ್ಹಾನ್ಸ್ ಸೇರಿ, ಒಂದೇ ಮನೆಯಲ್ಲಿ ಹಲವರಿಗೆ ತೀವ್ರ ಮಾನಸಿಕ ಕಾಯಿಲೆ ಇರುವ ಕುಟುಂಬಗಳ ಅಧ್ಯಯನ ಮಾಡುತ್ತಿವೆ. ಅವರ ರಕ್ತದ ಕೋಶವನ್ನು ಹಿಂದಕ್ಕೆ ತಿರುಗಿಸಿ ಆಕರಕೋಶ ಮಾಡಿ, ಅದರಿಂದ ತಟ್ಟೆಯಲ್ಲಿ ನರಕೋಶ ಬೆಳೆಸುತ್ತಾರೆ. ಈ ವಿದ್ಯೆಯನ್ನು 2006ರಲ್ಲಿ ಕಂಡುಹಿಡಿದ ಜಪಾನಿನ ಶಿನ್ಯಾ ಯಮನಾಕ ಅವರಿಗೆ 2012ರಲ್ಲಿ ನೊಬೆಲ್ ಬಂತು. ಇಲ್ಲಿ ಕೋಶವನ್ನು ರೋಗಿಗೆ ಚುಚ್ಚುವುದಿಲ್ಲ, ಕಾಯಿಲೆ ಎಲ್ಲಿ ಶುರುವಾಗುತ್ತದೆ ಎಂದು ತಟ್ಟೆಯಲ್ಲಿ ಹುಡುಕುತ್ತಾರೆ. ನಮ್ಮಂಥದೇ ಬಯಲುಸೀಮೆಯಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ, 45 ವರ್ಷ ದಾಟಿದ ಹಳ್ಳಿಗರ ನೆನಪಿನ ಶಕ್ತಿಯನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಾ ಬಂದಿದೆ. ಈ ಎರಡೂ ಕಡೆ ಯಾರೂ ವಾಸಿ ಮಾಡುತ್ತೇವೆ ಎಂದು ದುಡ್ಡು ಕೇಳುವುದಿಲ್ಲ. ನಿಜವಾದ ಸಂಶೋಧನೆಯನ್ನು ಗುರುತಿಸಲು ನನಗೆ ತಿಳಿದ ಸುಲಭದ ಲಕ್ಷಣ ಇದು.

ದೊಡ್ಡಪ್ಪ ಈಗಿಲ್ಲ. ಆ ಸಾಲವನ್ನು ನಾನು ಮತ್ತು ಅಣ್ಣ ಸೇರಿ ತೀರಿಸಿದೆವು. ಅಣ್ಣ ಒಂದು ದಿನವೂ ನನ್ನನ್ನು ದೂರಲಿಲ್ಲ. "ನಿನಗೆ ಗೊತ್ತಿಲ್ಲ ಅಂದಿದ್ರೆ ಸಾಕಿತ್ತು ಕಣೋ" ಎಂದ, ಅಷ್ಟೇ. ನಮ್ಮ ಮೇಷ್ಟ್ರು ನಲವತ್ತು ಹುಡುಗರ ಮುಂದೆ ಸಲೀಸಾಗಿ ಹೇಳಿದ ಆ ಮಾತು ಬಿ.ಇ. ಓದಿದ ನನ್ನ ಬಾಯಿಗೆ ಬರಲಿಲ್ಲ.

ಸಾರ್, ತಮ್ಮ ಪಾಠ ಪೂರ್ತಿ ತಪ್ಪಾಗಿರಲಿಲ್ಲ, ಪೂರ್ತಿ ಸರಿಯೂ ಆಗಿರಲಿಲ್ಲ. ಮೆದುಳಿನ ಬಹುಪಾಲು ನರಕೋಶಗಳು ಸತ್ತರೆ ಮತ್ತೆ ಬರುವುದಿಲ್ಲ. ನೆನಪಿನ ಒಂದು ಮೂಲೆಯಲ್ಲಿ ಹೊಸವು ಹುಟ್ಟುತ್ತವೆ ಎಂಬುದಕ್ಕೆ ಬಲವಾದ ಸಾಕ್ಷಿ ಇದೆ, ಮನುಷ್ಯರಲ್ಲಿ ಎಷ್ಟು, ಎಲ್ಲಿಯವರೆಗೆ ಎಂಬ ವಾದ ಇನ್ನೂ ನಡೆದಿದೆ. ಇಷ್ಟು ತಿಳಿದುಕೊಂಡು ಬಂದಿದ್ದೇನೆ. ಉಳಿದದ್ದನ್ನು ಈಗ ಆ ಹಿಂದಿನ ಬೆಂಚಿನಲ್ಲಿ ಕೂತಿರುವ ಮಕ್ಕಳು ಹುಡುಕಿ ಬಂದು ಹೇಳಲಿ.