ಕೇಳಿದ ಪಿಚ್ಚರ್, ನೋಡಿದ ಪಿಚ್ಚರ್

‘ಚಲನಚಿತ್ರಕ್ಕ ಹೋಗೂಣೇನು?’ ಎಂದು ಸಿರಸಂಗಿಯಲ್ಲಿ ಯಾರೂ ಗೆಳೆಯನನ್ನು ಕರೆದದ್ದಿಲ್ಲ. ಕರೆದಿದ್ದರೆ ಜ್ವರ ಬಂದಾವೇನೋ ಎಂದು ಹಣೆ ಮುಟ್ಟಿ ನೋಡುತ್ತಿದ್ದರು. ನಮ್ಮ ಕಡೆ ಅದು ಪಿಚ್ಚರ್. ಬೆಂಕಿ ಹತ್ತುತ್ತದೆ, ಬಸ್ಸು ಹತ್ತುತ್ತೇವೆ, ಪಿಚ್ಚರೂ ಹತ್ತುತ್ತದೆ. ‘ಸವದತ್ತ್ಯಾಗ ಯಾವ ಪಿಚ್ಚರ್ ಹತ್ತೈತಿ?’ ಎಂಬುದು ಜಾತ್ರೆಯ ಸುದ್ದಿಯಷ್ಟೇ ಮುಖ್ಯವಾದ ವಿಚಾರಣೆ.

1950ರ ಜನವರಿ 8ರಂದು ಧಾರವಾಡದಲ್ಲಿ ಬಾನುಲಿ ಕೇಂದ್ರ ಶುರುವಾಯಿತು. ರೇಡಿಯೋದವರು ಅಚ್ಚುಕಟ್ಟಾಗಿ ‘ಚಿತ್ರಗೀತೆ’ ಅನ್ನುವವರು. ಕೇಳುವವರು ‘ಪಿಚ್ಚರ್ ಹಾಡು’ ಅನ್ನುವವರು. ಒಂದೇ ಹಾಡಿಗೆ ಎರಡು ಹೆಸರು, ಜಗಳವಿಲ್ಲ.

ಪಿಚ್ಚರನ್ನು ನೋಡಲೇಬೇಕೆಂದೂ ಇರಲಿಲ್ಲ. 1975ರ ಆಗಸ್ಟ್ 15ರಂದು ‘ಶೋಲೆ’ ತೆರೆಕಂಡ ಮೇಲೆ ಅದರ ಸಂಭಾಷಣೆಯ ರೆಕಾರ್ಡುಗಳೇ ಬಂದವು. ಮದುವೆ ಮನೆಯ ಸ್ಪೀಕರಿನಲ್ಲಿ ಡಾಕು ಗಬ್ಬರ್ ಸಿಂಗ್ ಗುಡುಗಿದರೆ ಮುದುಕರೂ ಊಟದ ಪಂಕ್ತಿಯಲ್ಲಿ ಸುಮ್ಮನಾಗುತ್ತಿದ್ದರು. ಟಾಕೀಜಿನ ಮೆಟ್ಟಿಲು ಹತ್ತದವರೂ ‘ಶೋಲೆ ಪಿಚ್ಚರ್ ಕೇಳೀನಿ’ ಎಂದು ಹೆಮ್ಮೆಯಿಂದ ಹೇಳಿದ್ದುಂಟು. ಆ ಡಾಕುಗಳ ಬಂಡೆಗಲ್ಲು ನಮ್ಮದೇ ರಾಮನಗರದ್ದು ಎಂದು ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ.

ಇಂಗ್ಲಿಷ್ ಪಿಚ್ಚರಿನದು ಇದಕ್ಕೆ ತಿರುವುಮುರುವು. ಹುಬ್ಬಳ್ಳಿ-ಧಾರವಾಡದ ಟಾಕೀಜುಗಳಲ್ಲಿ ಕುದುರೆ, ಟೊಪ್ಪಿಗೆ, ಪಿಸ್ತೂಲು ಇದ್ದದ್ದೆಲ್ಲ ನಮಗೆ ‘ಕುದುರಿ ಪಿಚ್ಚರ್’. 1969ರ ‘ಮೆಕೆನ್ನಾಸ್ ಗೋಲ್ಡ್’ ಅದರಲ್ಲಿ ದೊಡ್ಡದು. ಗ್ರೆಗರಿ ಪೆಕ್, ಒಮರ್ ಷರೀಫ್ ಏನು ಮಾತಾಡಿದರೋ ಆ ಬಂಗಾರದ ಗುಡ್ಡಕ್ಕೇ ಗೊತ್ತು; ಪಕ್ಕದಲ್ಲಿ ಕೂತವನು ಕಟ್ಟಿ ಹೇಳಿದ್ದೇ ಕಥೆ. ಮಾತು ತಿಳಿಯದೆ ನೋಡಿದ ಪಿಚ್ಚರ್ ಇದು, ಮುಖ ಕಾಣದೆ ಕೇಳಿದ ಪಿಚ್ಚರ್ ‘ಶೋಲೆ’. ನಡುವೆ 1973ರಲ್ಲಿ ದ್ವಾರಕೀಶ್ ‘ಕೌಬಾಯ್ ಕುಳ್ಳ’ನಾಗಿ ಬಂದು, ಕುದುರಿ ಪಿಚ್ಚರನ್ನು ಕನ್ನಡದಲ್ಲೇ ಮಾತಾಡಿಸಿದರು.

ಟಿವಿ ಬಂದಾಗ ಪಿಚ್ಚರ್ ಎಂಬ ಶಬ್ದಕ್ಕೆ ಇನ್ನೊಂದು ಅರ್ಥ ಹುಟ್ಟಿತು. ಒಬ್ಬ ಮಾಳಿಗೆಯ ಮೇಲೆ ಆಂಟೆನಾ ತಿರುವಬೇಕು, ಇನ್ನೊಬ್ಬ ಕೆಳಗಿನಿಂದ ಕೂಗಬೇಕು: ‘ಸೌಂಡ್ ಬರಾಕ್ಹತ್ತೈತಿ, ಪಿಚ್ಚರ್ ಬರವಲ್ದು!’ ಇಲ್ಲಿ ಪಿಚ್ಚರ್ ಅಂದರೆ ಬರೀ ಗಾಜಿನ ಮೇಲಿನ ಆಕೃತಿ. ಅದು ಬಂದ ಮೇಲೆ ಐತ್ವಾರ ಸಂಜೆ ನೋಡುವುದೂ ಪಿಚ್ಚರೇ. ಪಡಸಾಲೆಯ ತುಂಬ ಓಣಿಯ ಮಂದಿ; ಯಾರಿಗೂ ಗೊಂದಲವಾಗಲಿಲ್ಲ.

ಈಗಿನ ಹುಡುಗರು ‘ಮೂವಿ’ ಅನ್ನುತ್ತಾರೆ. ಮೊಬೈಲು ಒಬ್ಬರ ಅಂಗೈಯಲ್ಲಿ, ಹೆಡ್‌ಫೋನು ಅವರದೇ ಕಿವಿಯಲ್ಲಿ. ಅದಕ್ಕೆ ಮೂವಿ ಎಂಬ ಹೆಸರು ಸರಿಯಾಗಿಯೇ ಇದೆ, ನನ್ನ ತಕರಾರಿಲ್ಲ. ಪಿಚ್ಚರಿಗೆ ಮಾತ್ರ ಮಗ್ಗುಲಲ್ಲೊಬ್ಬ ಬೇಕು: ಕಥೆ ಕಟ್ಟಿ ಹೇಳುವವನು, ಆಂಟೆನಾ ತಿರುವುವವನು, ಇಲ್ಲವೇ ಟಿಕೀಟಿನ ಸಾಲ ತೀರಿಸದವನು. ನಿಘಂಟು ಮಾಡುವವರೇ, ಈ ಶಬ್ದದ ಮುಂದೆ ‘ಚಿತ್ರ’ ಎಂದಷ್ಟೇ ಬರೆದು ಮುಗಿಸಬೇಡಿ. ‘ಮಂದಿ ಕೂಡಿ ನೋಡುವ ಅಥವಾ ಕೇಳುವ ಕಥೆ’ ಎಂದು ಬರೆಯಿರಿ.