ದೇಗುಲದ ಹೊರಮೈಯ ಶೃಂಗಾರ: ಹೆಂಜೇರಿನಿಂದ ಲೇಪಾಕ್ಷಿಯವರೆಗೆ

ಕಲ್ಯಾಣದುರ್ಗದಿಂದ ತೆಂಕಣಕ್ಕೆ ಮಡಕಶಿರೆ, ಹಿಂದೂಪುರಗಳವರೆಗೆ ಹಬ್ಬಿರುವ ಬಯಲುಸೀಮೆಯು ನೀರಿಗೆ ಎಷ್ಟೇ ಬಡತನವನ್ನು ಅನುಭವಿಸಿದ್ದರೂ ಕಲ್ಲಿಗೂ ಕಲ್ಲುಕುಟಿಗರ ಕೈಚಳಕಕ್ಕೂ ಬಡತನವನ್ನು ಕಂಡ ನಾಡಲ್ಲ. 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಅನಂತಪುರ ಜಿಲ್ಲೆಯೆನಿಸಿ, 1953ರಲ್ಲಿ ಆಂಧ್ರ ರಾಜ್ಯಕ್ಕೆ ಸೇರಿದ ಈ ಪ್ರಾಂತದಲ್ಲಿ, ಮನೆಯೊಳಗೆ ಕನ್ನಡವನ್ನೂ ಸಂತೆಯಲ್ಲಿ ತೆಲುಗನ್ನೂ ಆಡುವ ಜನ ಇಂದಿಗೂ ಇದ್ದಾರೆ. ಇಲ್ಲಿಯ ಹಳೆಯ ಗುಡಿಗಳ ಗೋಡೆಗಳ ಮೇಲೆಯೂ ಬಂಡೆಗಳ ಮೇಲೆಯೂ ಕನ್ನಡದ ಶಾಸನಗಳು ಹೇರಳವಾಗಿವೆ. ಒಂದು ಕಾಲಕ್ಕೆ ನೊಳಂಬವಾಡಿ 32,000 ಎಂದು ಪ್ರಸಿದ್ಧವಾಗಿದ್ದ ನಾಡಿನ ಹೃದಯಭಾಗವಿದು. ಇಲ್ಲಿಯ ದೇವಾಲಯಗಳನ್ನು ನೋಡಬಂದ ಭಕ್ತನು, ದೇವರ ಮುಂದೆ ಕೈಮುಗಿಯುವ ಮೊದಲೇ, ಕಂಬದ ಮೇಲೆ ಉಡುಗೆ ಜಾರಿದ ಹೆಣ್ಣನ್ನೂ ದಿಗಂಬರನಾಗಿ ನಿಂತ ದೇವರನ್ನೂ ಎದುರುಗೊಳ್ಳುವುದುಂಟು. ಅಪ್ಪನ ಕೈಹಿಡಿದು ಬಂದ ಮಗು ಪ್ರಶ್ನೆ ಕೇಳುತ್ತದೆ, ಅಪ್ಪನು ಬೇರೆ ಕಡೆಗೆ ಬೆರಳು ತೋರಿಸುತ್ತಾನೆ. ಆ ಪ್ರಶ್ನೆ ಮಾತ್ರ ಉತ್ತರಕ್ಕೆ ಯೋಗ್ಯವಾದದ್ದೇ ಆಗಿದೆ.

ಉತ್ತರವಾಗಿ ಲೋಕದಲ್ಲಿ ರೂಢಿಗೆ ಬಂದಿರುವ ಮಾತುಗಳು ಹಲವು. ಭಕ್ತನ ಮನೋನಿಗ್ರಹವನ್ನು ಪರೀಕ್ಷಿಸುವುದಕ್ಕಾಗಿ ಇವನ್ನು ಇಟ್ಟರೆಂದು ಕೆಲವರು, ಸಿಡಿಲು ಗುಡಿಯ ಮೇಲೆ ಎರಗದಿರಲೆಂದು ಇಟ್ಟರೆಂದು ಮತ್ತೆ ಕೆಲವರು, ಶಾಕ್ತ ತಾಂತ್ರಿಕರ ಗುಪ್ತಾಚಾರಗಳ ಗುರುತೆಂದು ಇನ್ನು ಕೆಲವರು ಹೇಳುತ್ತಾರೆ. 1838ರಲ್ಲಿ ಖಜುರಾಹೊವನ್ನು ಕಂಡು ಹೊರಜಗತ್ತಿಗೆ ವರದಿ ಮಾಡಿದ ಟಿ. ಎಸ್. ಬರ್ಟ್ ಎಂಬ ಆಂಗ್ಲ ಅಧಿಕಾರಿಯು ಅಲ್ಲಿಯ ಶಿಲ್ಪದ ನೈಪುಣ್ಯಕ್ಕೆ ಬೆರಗಾಗಿಯೂ ಅದರ ವಿಷಯಕ್ಕೆ ಅಸಹ್ಯಪಟ್ಟನು. ಆತನ ಆ ಕಣ್ಣೇ ಮುಂದೆ ವಿದ್ಯಾವಂತ ಭಾರತೀಯರ ಕಣ್ಣೂ ಆಗಿ, ನಮ್ಮವರು ತಮ್ಮ ಪೂರ್ವಿಕರ ಪರವಾಗಿ ಕ್ಷಮೆ ಬೇಡುವ ದನಿಯಲ್ಲಿ ಮಾತಾಡತೊಡಗಿದರು. ಈ ವಿವರಣೆಗಳಲ್ಲಿ ಒಂದೊಂದರಲ್ಲಿಯೂ ಸತ್ಯದ ಅಂಶ ಅಷ್ಟಿಷ್ಟು ಇದ್ದೀತು. ಆದರೆ ಇವೆಲ್ಲವೂ ಶಿಲ್ಪವನ್ನು ಅದು ನಿಂತ ತಾಣದಿಂದ ಕಿತ್ತು, ಒಂಟಿಯಾಗಿ ಹಿಡಿದು ನೋಡುತ್ತವೆ. ದೇವಾಲಯದ ಯಾವ ಸ್ಥಳದಲ್ಲಿ, ಯಾವ ಮೂರ್ತಿಯ ನೆರೆಯಲ್ಲಿ, ಯಾವ ಕಥೆಯ ನಡುವೆ ಶೃಂಗಾರವು ಕಾಣಿಸಿಕೊಳ್ಳುತ್ತದೆಯೆಂಬುದನ್ನು ವಿಚಾರಿಸಿದರೆ ಅದರ ಅರ್ಥವು ತಾನಾಗಿಯೇ ತೆರೆದುಕೊಳ್ಳುತ್ತದೆಯೆಂಬುದು ನನ್ನ ದೃಢವಾದ ನಂಬಿಕೆ.

ಮೊದಲು ತಾಣದ ಮಾತು. 6ನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ದೇವಾಲಯದ ಬಾಗಿಲವಾಡವನ್ನು ಅಲಂಕರಿಸಬೇಕಾದ ಮಂಗಳವಸ್ತುಗಳನ್ನು ಎಣಿಸುತ್ತ, ಶುಭಸೂಚಕವಾದ ಹಕ್ಕಿ, ಸ್ವಸ್ತಿಕ, ಪೂರ್ಣಕುಂಭ, ಎಲೆಬಳ್ಳಿಗಳ ಸಾಲಿನಲ್ಲಿಯೇ ಮಿಥುನವನ್ನೂ ಹೇಳುತ್ತಾನೆ. ತುಂಬಿದ ಕೊಡವೂ ಚಿಗುರಿದ ಬಳ್ಳಿಯೂ ಕೂಡಿನಿಂತ ಗಂಡುಹೆಣ್ಣೂ ಆತನಿಗೆ ಒಂದೇ ವರ್ಗದವು. ಬೆಳೆ, ಸಂತಾನ, ಸಮೃದ್ಧಿಗಳ ಕುರುಹುಗಳು. ಈ ಭಾವನೆಯು ಆತನಿಗಿಂತಲೂ ಹಳೆಯದು, ಒಂದೇ ಮತಕ್ಕೆ ಸೇರಿದುದೂ ಅಲ್ಲ. ಸಂನ್ಯಾಸಿಗಳ ಧರ್ಮವಾದ ಬೌದ್ಧಧರ್ಮದ ಕಾರ್ಲೆಯ ಚೈತ್ಯದಲ್ಲಿಯೂ ಬಾಗಿಲ ಇಕ್ಕೆಲಗಳಲ್ಲಿ ದಂಪತಿಗಳು ನಿಂತಿದ್ದಾರೆ. ಕನ್ನಡ ನಾಡಿನಲ್ಲಿ 578ರಲ್ಲಿ ಮಂಗಳೇಶನು ಮಾಡಿಸಿದ ಬಾದಾಮಿಯ ಮೂರನೆಯ ಗುಹಾಲಯದ ಕಂಬಗಳ ಬೋದಿಗೆಯಲ್ಲಿ ಮರದ ನೆಳಲಲ್ಲಿ ಒಬ್ಬರನ್ನೊಬ್ಬರು ಆತುಕೊಂಡ ಜೋಡಿಗಳಿವೆ. ಐಹೊಳೆಯ ದುರ್ಗಗುಡಿಯ ಮುಂಗಂಬಗಳಲ್ಲಿಯೂ ಅಂಥವೇ ಇವೆ. ಮದುವೆಯ ಮನೆಯ ಬಾಗಿಲಿಗೆ ಮಾವಿನ ತೋರಣವನ್ನು ಕಟ್ಟುವ ಮನಸ್ಸೇ ದೇವರ ಮನೆಯ ಬಾಗಿಲಿಗೆ ಮಿಥುನವನ್ನು ಕೆತ್ತಿತು.

ಇದರೊಡನೆ ರಕ್ಷಣೆಯ ಭಾವವೂ ಕೂಡಿಕೊಂಡಿದೆ. ಹೊಸ್ತಿಲು, ಮೂಲೆ, ಎರಡು ಕಟ್ಟಡಗಳು ಕೂಡುವ ಸಂಧಿ, ಇವು ನಮ್ಮ ಜನರ ನಂಬಿಕೆಯಲ್ಲಿ ಎಂದಿಗೂ ಅಪಾಯದ ಸ್ಥಳಗಳು. ದೃಷ್ಟಿ ತಾಗುವುದೂ ಭೂತ ಹೊಗುವುದೂ ಅಲ್ಲಿಯೇ. ಖಜುರಾಹೊವಿನ ಲಕ್ಷ್ಮಣ, ಕಂದರಿಯ ಮಹಾದೇವ ದೇವಾಲಯಗಳಲ್ಲಿ ಅತ್ಯಂತ ತೀವ್ರವಾದ ಸಂಭೋಗದೃಶ್ಯಗಳು ಮಂಟಪವೂ ಗರ್ಭಗೃಹವೂ ಕೂಡುವ ಗೋಡೆಯ ಮೇಲೆಯೇ ಬಂದಿವೆಯೆಂಬುದನ್ನು ವಿದುಷಿ ದೇವಾಂಗನಾ ದೇಸಾಯಿಯವರು ಎತ್ತಿತೋರಿಸಿದ್ದಾರೆ. ಹೀಗೆ ಮಂಗಳಕ್ಕೂ ರಕ್ಷೆಗೂ ಒದಗಿಬಂದ ಮಿಥುನವು ಹೊರಮೈಯಲ್ಲಿ ನಿಂತಿರಲು, ಒಳಗೆ ಹೋದಂತೆಲ್ಲ ಆಕೃತಿಗಳು ವಿರಳವಾಗುತ್ತವೆ, ಬೆಳಕು ಕುಗ್ಗುತ್ತದೆ. ಗರ್ಭಗುಡಿಯ ಗೋಡೆಗಳಾದರೋ ಬರಿಯ ಕಲ್ಲು. ಪ್ರದಕ್ಷಿಣೆ ಬಂದು ಒಳಹೊಗುವವನು ಧರ್ಮಾರ್ಥಕಾಮಗಳ ಲೋಕವನ್ನು ಸುತ್ತಿಯೇ ಮೋಕ್ಷದ ಬಾಗಿಲಿಗೆ ಬರುತ್ತಾನೆ. ನಾಲ್ಕು ಪುರುಷಾರ್ಥಗಳಲ್ಲಿ ಕಾಮವನ್ನು ಒಂದೆಂದು ಎಣಿಸಿದ ಸಮಾಜವು ಅದಕ್ಕೆ ದೇವಾಲಯದಲ್ಲಿ ಒಂದು ನೆಲೆಯನ್ನೂ, ಆ ನೆಲೆಗೆ ಒಂದು ಎಲ್ಲೆಯನ್ನೂ ಕೊಟ್ಟಿತು.

ಈ ಎಲ್ಲೆಯ ವಿಷಯದಲ್ಲಿ ಕನ್ನಡ ಶಿಲ್ಪಿಗಳು ಬಹು ಎಚ್ಚರದವರು. ಖಜುರಾಹೊವಿನಲ್ಲಿಯೂ 13ನೆಯ ಶತಮಾನದ ಕೊಣಾರ್ಕದಲ್ಲಿಯೂ ಮಿಥುನಗಳು ಗೋಡೆಯ ಮುಖ್ಯಸ್ಥಾನಗಳನ್ನೇ ಆಕ್ರಮಿಸಿದ್ದರೆ, ಚಾಲುಕ್ಯರ ಗುಡಿಗಳಲ್ಲಿ ಅಂಥವು ಅಪರೂಪ. ನೊಳಂಬವಾಡಿಗೇ ಸೇರಿದ್ದ ಹರಪನಹಳ್ಳಿಯ ಸೀಮೆಯ ಬಾಗಳಿಯಲ್ಲಿ, 10ನೆಯ ಶತಮಾನದ ಕಲ್ಲೇಶ್ವರನ ಗುಡಿಯ ಹೊರಮೈಯಲ್ಲಿ ಅವು ಚಿಕ್ಕ ಚಿಕ್ಕ ಆಕೃತಿಗಳಾಗಿ ಬಂದಿವೆ. ಬಳ್ಳಿಗಾವೆಯ ತ್ರಿಪುರಾಂತಕೇಶ್ವರದಲ್ಲಿ ಅವುಗಳಿಗೆ ಸಂದದ್ದು ಹೊರಗಡೆ ಸುತ್ತುವರಿದ ಒಂದು ಕಿರಿದಾದ ಪಟ್ಟಿಕೆ ಮಾತ್ರ. ಅದೇ ದೇವಾಲಯದ ಮೈಮೇಲೆ ಪಂಚತಂತ್ರದ ಕಥೆಗಳೂ ಇವೆ, ನೀತಿಯೂ ಕಾಮವೂ ಒಂದೇ ಗುಡಿಯಲ್ಲಿ ಒಕ್ಕಲಾಗಿವೆ. ಆ ಬಳ್ಳಿಗಾವೆಯೇ ಅಲ್ಲಮಪ್ರಭುವಿನ ಊರೆಂಬುದನ್ನು ಇಲ್ಲಿ ಮರೆಯಲಾಗದು. ಹರಿಹರನ ರಗಳೆಯ ಪ್ರಕಾರ ಕಮಲತೆಯೆಂಬವಳಲ್ಲಿ ಗಾಢವಾಗಿ ಅನುರಕ್ತನಾಗಿ, ಅವಳ ಮರಣದಿಂದ ಕಂಗೆಟ್ಟು, ಆ ದುಃಖದ ದಾರಿಯಿಂದಲೇ ನಿರ್ಮಾಯನಾದ ಮದ್ದಳೆಕಾರನು ಅವನು. ಪ್ರೇಮದಿಂದ ವೈರಾಗ್ಯಕ್ಕೆ ದಾರಿಯುಂಟೆಂಬುದನ್ನು ಶಿಲ್ಪಿಯೂ ಕವಿಯೂ ಬೇರೆ ಬೇರೆಯಾಗಿ ಅರಿತಿದ್ದರು.

ಇನ್ನು ನಮ್ಮ ಸೀಮೆಗೆ ಬರೋಣ. ಇಂದು ಹೇಮಾವತಿಯೆಂಬ ಗಡಿನಾಡಿನ ಹಳ್ಳಿಯಾಗಿರುವ ಹೆಂಜೇರು ನೊಳಂಬಪಲ್ಲವರ ರಾಜಧಾನಿಯಾಗಿತ್ತು. ಕರಿಯ ಕಲ್ಲಿನ ಮೈಯನ್ನು ಕನ್ನಡಿಯಂತಾಗುವವರೆಗೆ ನಯಗೊಳಿಸಿ, ಅದರ ಮೇಲೆ ಬಳ್ಳಿಯ ಸುರುಳಿಗಳನ್ನು ತೇಲಿಬಿಟ್ಟಂತೆ ಕಡೆದ ನೊಳಂಬರ ಕಂಬಗಳು ಗೆದ್ದವರ ಆಶೆಯನ್ನೂ ಕೆರಳಿಸಿದಂಥವು. ಕಾವೇರಿಯ ದಡದ ತಿರುವಯ್ಯಾರಿನ ದೇವಾಲಯದಲ್ಲಿ ಚೋಳರು ಒಯ್ದು ನಿಲ್ಲಿಸಿದ ನೊಳಂಬ ಕಂಬಗಳಿವೆ, ಮದರಾಸಿನ ವಸ್ತುಸಂಗ್ರಹಾಲಯದಲ್ಲಿ ಹೇಮಾವತಿಯ ಶಿಲ್ಪಗಳಿವೆ. 10ನೆಯ ಶತಮಾನದಲ್ಲಿ ಗಂಗ ಮಾರಸಿಂಹನು ನೊಳಂಬಕುಲಾಂತಕನೆಂಬ ಬಿರುದನ್ನು ಧರಿಸುವ ಹೊತ್ತಿಗೆ ಈ ವಂಶದ ವೈಭವವು ಇಳಿಮುಖವಾಯಿತು. ಹೇಮಾವತಿಯ ದೊಡ್ಡೇಶ್ವರನ ಗುಡಿಯ ಜಾಲಂಧ್ರಗಳಲ್ಲಿ ಬಳ್ಳಿಗಳ ನಡುವೆ ಮೂಡಿನಿಂತ ಆಕೃತಿಗಳ ಬಳುಕನ್ನು ನೋಡಿದವನಿಗೆ, ಸಂಭೋಗದ ಒಂದು ಚಿತ್ರವೂ ಇಲ್ಲದೆ ಕಲ್ಲಿಗೆ ಎಷ್ಟು ಶೃಂಗಾರವನ್ನು ತುಂಬಬಹುದೆಂಬುದು ಮನವರಿಕೆಯಾಗುತ್ತದೆ. ಅಲ್ಲಿಯೇ ಸಿದ್ಧೇಶ್ವರನ ಗುಡಿಯಲ್ಲಿ ಪೂಜೆಗೊಳ್ಳುವವನು ಲಿಂಗರೂಪಿಯಲ್ಲ. ಮನುಷ್ಯಾಕಾರದಲ್ಲಿ ಆಸನಬದ್ಧನಾಗಿ ಕುಳಿತ ಶಿವನು. ಚಿಗುರೂ ಬಳುಕೂ ಹೊರಗೆ, ಅಚಲನಾದ ಸಿದ್ಧನು ಒಳಗೆ. ಹೆಂಜೇರಿನ ಶಿಲ್ಪಿಗಳು ಈ ಎರಡರ ನಡುವೆ ವೈರವನ್ನು ಕಾಣಲಿಲ್ಲ.

ಸುಮಾರು ಆರು ಶತಮಾನಗಳ ತರುವಾಯ, ಅಚ್ಯುತದೇವರಾಯನ ಆಳಿಕೆಯಲ್ಲಿ (1529–1542), ಪೆನುಗೊಂಡೆಯ ಅಧಿಕಾರಿಯಾಗಿದ್ದ ವಿರೂಪಣ್ಣನು ಹಿಂದೂಪುರದ ಸಮೀಪದ ಲೇಪಾಕ್ಷಿಯಲ್ಲಿ, ಕೂರ್ಮಶೈಲವೆಂಬ ಆಮೆಯ ಬೆನ್ನಿನಂಥ ಬಂಡೆಯ ಮೇಲೆ, ವೀರಭದ್ರನ ದೇವಾಲಯವನ್ನು ವಿಸ್ತರಿಸಿ ಕಟ್ಟಿಸಿದನು. ಅಲ್ಲಿಯ ನಾಟ್ಯಮಂಟಪದಲ್ಲಿ ರಂಭೆ ಕುಣಿಯುತ್ತಾಳೆ, ಬ್ರಹ್ಮನೂ ತುಂಬುರನೂ ವಾದ್ಯ ಹಿಡಿದಿದ್ದಾರೆ, ಮೂರು ಕಾಲಿನ ಭೃಂಗಿ ಹೆಜ್ಜೆ ಹಾಕುತ್ತಾನೆ. ಈ ಸಂಭ್ರಮದ ನಡುವೆಯೇ ಒಂದು ಕಂಬದ ಮೇಲೆ ಭಿಕ್ಷಾಟನಶಿವನಿದ್ದಾನೆ. ಬತ್ತಲೆ ಮೈ, ಹಾವಿನ ಒಡವೆ. ಮನೆಮಠವಿಲ್ಲದ ತಿರುಕನ ವೇಷ. ನೆರೆಯ ಕಂಬದಲ್ಲಿ ಅವನಿಗೆ ಭಿಕ್ಷೆ ನೀಡಬಂದ ಋಷಿಪತ್ನಿಯಿದ್ದಾಳೆ. ನೀಡಬೇಕಾದ ಕೈ ನೀಡುವುದನ್ನು ಮರೆತಿದೆ, ನೋಟವು ಅವನಲ್ಲಿ ನೆಟ್ಟಿದೆ, ಉಟ್ಟ ಸೀರೆ ಸಡಿಲಿ ಜಾರುತ್ತಿರುವುದರ ಪರಿವೆಯೇ ಅವಳಿಗಿಲ್ಲ. ಇಬ್ಬರ ನಡುವೆ ಇರುವುದು ಕಂಬದಿಂದ ಕಂಬಕ್ಕೆ ಇರುವ ಬಯಲು. ನೋಡುವವನು ಆ ಬಯಲಲ್ಲಿಯೇ ನಿಲ್ಲಬೇಕಾಗುತ್ತದೆ. ಅವಳ ಹಂಬಲವೂ ಶಿವನ ನಿರ್ಲಿಪ್ತತೆಯೂ ನೋಡುವವನನ್ನು ಹಾದೇ ಹೋಗುತ್ತವೆ.

ದಾರುಕಾವನದ ಋಷಿಗಳ ಮನೆಬಾಗಿಲಿಗೆ ಶಿವನು ತಿರುಕನಾಗಿ ಬಂದ ಈ ಕಥೆಯಲ್ಲಿ ಕಾಮಕ್ಕೆ ವಶನಾಗದವನೇ ಕಾಮವನ್ನು ಎಬ್ಬಿಸುತ್ತಾನೆ. ಕರ್ಮದಿಂದಲೇ ಎಲ್ಲವೂ ಸಿದ್ಧಿಸುವುದೆಂದು ಬೀಗಿದ ಋಷಿಗಳ ಗರ್ವವು ಅವರವರ ಮನೆಯ ಹೊಸ್ತಿಲಲ್ಲಿಯೇ ಮುರಿಯುತ್ತದೆ. ಹೆಂಡತಿಯ ಜಾರಿದ ಸೆರಗು ಇಲ್ಲಿ ಅವಳ ಅಪರಾಧವಾಗಿ ಚಿತ್ರಿತವಾಗಿಲ್ಲ. ದೇವರನ್ನು ಮೊದಲು ಗುರುತಿಸಿದವಳು ಅವಳೇ, ಶಾಸ್ತ್ರವನ್ನು ಓದಿದ ಗಂಡನಲ್ಲ. ಗರ್ಭಗುಡಿಯ ವೀರಭದ್ರನು ಯಾರೆಂದು ನೆನೆದರೆ ಈ ಕಂಬದ ಅರ್ಥವು ಇನ್ನೂ ವಿಸ್ತಾರಗೊಳ್ಳುತ್ತದೆ. ದಕ್ಷಯಜ್ಞದಲ್ಲಿ ಸತಿಯನ್ನು ಕಳೆದುಕೊಂಡ ಶಿವನ ಕೋಪದಿಂದ ಹುಟ್ಟಿದವನು ಅವನು. ಪ್ರಾಕಾರದೊಳಗೆ ಅರ್ಧಕ್ಕೆ ನಿಂತಿರುವ ಕಲ್ಯಾಣಮಂಟಪದಲ್ಲಿಯಾದರೋ ಪಾರ್ವತೀಪರಿಣಯಕ್ಕೆ ಬಂದ ದೇವತೆಗಳೂ ಋಷಿಗಳೂ ಕಂಬಕಂಬದಲ್ಲಿ ನಿಂತಿದ್ದಾರೆ. ಅಗಲಿಕೆಯ ರೋಷ, ವಿರಕ್ತನ ಅಲೆದಾಟ, ಮರಳಿ ಮದುವೆ: ಒಂದು ಇಡೀ ದಾಂಪತ್ಯದ ಚರಿತ್ರೆಯೇ ಒಂದು ಪ್ರಾಕಾರದೊಳಗೆ ಅಡಕವಾಗಿದೆ. ಮಂಟಪವು ಪೂರ್ತಿಯಾಗದುದಕ್ಕೆ ವಿರೂಪಣ್ಣನ ಮೇಲೆ ರಾಜಭಂಡಾರದ ಹಣವನ್ನು ವ್ಯಯಿಸಿದ ಆರೋಪ ಬಂದು, ಅವನು ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನೆಂಬ ಐತಿಹ್ಯವು ಕಾರಣವನ್ನು ಹೇಳುತ್ತದೆ. ಅದರ ನೆರೆಯ ಲತಾಮಂಟಪದ ಚಿತ್ತಾರಗಳು ಸೀರೆಗಳ ಅಂಚಿಗೆ ಇಳಿದು, ಈ ಸೀಮೆಯ ಹೆಣ್ಣುಮಕ್ಕಳ ಮದುವೆಯ ಉಡುಗೆಯಲ್ಲಿ ಇಂದಿಗೂ ಬದುಕಿವೆ.

ಇಷ್ಟು ಹೇಳಿ ಮುಗಿಸಿದರೆ ಸತ್ಯಕ್ಕೆ ಅಪಚಾರವಾದೀತು. ದೇವಾಲಯಗಳನ್ನು ಕಟ್ಟಿಸಿದವರು ಅರಸರೂ ಸಾಮಂತರೂ ಆದುದರಿಂದ ಅವರ ಅಂತಃಪುರದ ರುಚಿಯೂ ವೈಭವದ ಹೆಮ್ಮೆಯೂ ಶಿಲ್ಪದಲ್ಲಿ ಸೇರಿಕೊಂಡವು. ಕಾಲ ಕಳೆದಂತೆ ಮಂಗಳದ ಕುರುಹಾಗಿದ್ದುದು ಎಷ್ಟೋ ಕಡೆಗಳಲ್ಲಿ ಭೋಗದ ಪ್ರದರ್ಶನವೂ ಆಯಿತು. ಕಲ್ಲಿನ ನರ್ತಕಿಗೆ ಮಂಟಪದಲ್ಲಿ ಗೌರವದ ಸ್ಥಾನವನ್ನು ಕೊಟ್ಟ ಸಮಾಜವು, ಅದೇ ಮಂಟಪದಲ್ಲಿ ಕುಣಿದ ಜೀವಂತ ಹೆಣ್ಣನ್ನು ದೇವರ ಹೆಸರಿನಲ್ಲಿ ಉಳ್ಳವರ ಸೊತ್ತಾಗಲು ಬಿಟ್ಟಿತು. ಆ ಅನ್ಯಾಯವನ್ನು ತಡೆಯಲು ಅನಂತಪುರವನ್ನೂ ಒಳಗೊಂಡಿದ್ದ ಮದರಾಸು ಪ್ರಾಂತಕ್ಕೆ 1947ರ ದೇವದಾಸಿ ನಿಷೇಧದ ಶಾಸನವು ಬೇಕಾಯಿತು. ಶಿಲ್ಪದ ತತ್ತ್ವವನ್ನು ಕೊಂಡಾಡುವವರು ಈ ಚರಿತ್ರೆಯನ್ನು ಮರೆಮಾಚಬಾರದು.

ಆದರೆ ಅನ್ಯಾಯವನ್ನು ಒಪ್ಪಿಕೊಳ್ಳುವುದಕ್ಕಾಗಿ ಶಿಲ್ಪದ ಬಗೆಗೆ ನಾಚಿಕೆಪಡಬೇಕಾದುದಿಲ್ಲ. ಹೆಂಜೇರಿನ ಮತ್ತು ಲೇಪಾಕ್ಷಿಯ ಕಲ್ಲುಗಳು ಕಾಮವನ್ನು ಪೂಜಿಸೆಂದೂ ಹೇಳುವುದಿಲ್ಲ, ಕೊಲ್ಲೆಂದೂ ಹೇಳುವುದಿಲ್ಲ. ಅದು ಜೀವದ ಮೂಲಶಕ್ತಿಯಾದುದರಿಂದ ಅದನ್ನು ಅರಿತು, ಅದರ ತಾಣದಲ್ಲಿ ಅದನ್ನು ನಿಲ್ಲಿಸಿ, ಅದನ್ನು ಹಾದು ಮುಂದೆ ನಡೆಯೆಂದು ಹೇಳುತ್ತವೆ. ಮಗು ಪ್ರಶ್ನೆ ಕೇಳಿದಾಗ ಬೇರೆ ಕಡೆಗೆ ಬೆರಳು ತೋರಿಸುವ ತಂದೆಯು ಭಿಕ್ಷಾಟನನ ಕಥೆಯನ್ನು ಅದರ ವಯಸ್ಸಿಗೆ ತಕ್ಕಂತೆ ಹೇಳಲು ಕಲಿತರೆ, ಆ ಮಗುವು ದೇಹವನ್ನು ಹೇಸದೆಯೂ ಅದಕ್ಕೆ ದಾಸನಾಗದೆಯೂ ಬೆಳೆಯುವ ದಾರಿಯೊಂದು ತೆರೆದೀತು. ನಮ್ಮ ಪೂರ್ವಿಕರು ಇದನ್ನು ದೇವರ ಎದುರಿಗೇ, ಹಗಲು ಬೆಳಕಿನಲ್ಲಿ, ಎಲ್ಲರ ಕಣ್ಣಿಗೂ ಕಾಣುವಂತೆ ಕೆತ್ತಿಟ್ಟರು. ಅವರ ಧೈರ್ಯಕ್ಕೆ ತಕ್ಕ ವಿವೇಕವನ್ನು ನಾವು ಸಂಪಾದಿಸಿಕೊಳ್ಳಬೇಕಾಗಿದೆ.