ಓಟ ತಗ್ಗಿದ ಕುದುರೆ

ಬೆಂಗಳೂರು, ಮೈಸೂರುಗಳ ರೇಸಿನ ಮೈದಾನದಲ್ಲಿ ಒಂದು ಕುದುರೆ ನಾಲ್ಕಾರು ಸಲ ಮೇಲಿಂದ ಮೇಲೆ ಹಿಂದೆ ಬಿತ್ತೆಂದರೆ ಅದರ ಒಡೆಯನಿಗೆ ನಿದ್ದೆ ಹತ್ತದು. ಓಡಲಿ, ಓಡದಿರಲಿ, ಲಾಯದ ಖರ್ಚು ತಿಂಗಳು ತಿಂಗಳು ಬಂದೇ ಬರುತ್ತದೆ. ಬಿಡುವು ಕೊಟ್ಟು ನೋಡುವುದೆ? ಕೆಳದರ್ಜೆಯ ಪಂದ್ಯಕ್ಕೆ ಇಳಿಸುವುದೆ? ಮಾರಿ ಕೈತೊಳೆದುಕೊಳ್ಳುವುದೆ? ಈ ಚಿಂತೆ ರೇಸಿನೊಡನೆ ಹುಟ್ಟಿದ್ದಲ್ಲ. ಕುದುರೆ ಯುದ್ಧದ ಬಂಡವಾಳವಾಗಿದ್ದ ಕಾಲದಿಂದಲೂ ಇದೆ. ಆಗಲೂ ಉತ್ತರ ಕುದುರೆಯ ಕಾಲನ್ನು ನೋಡಿ ಬರುತ್ತಿರಲಿಲ್ಲ. ನಷ್ಟ ಯಾರ ಚೀಲದ್ದು ಎಂಬುದನ್ನು ನೋಡಿ ಬರುತ್ತಿತ್ತು.

ಅರಸನ ಬೊಕ್ಕಸದ್ದಾದರೆ ಉದಾರತೆ ಸುಲಭ. ಯುದ್ಧದಿಂದ, ರೋಗದಿಂದ, ಮುಪ್ಪಿನಿಂದ ಸವೆದ ಕುದುರೆಗಳಿಗೆ ಹೊಟ್ಟೆಗೆ ಹಾಕಿ ಸಾಕಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ವಿಜಯನಗರದ ಸಾಳುವ ನರಸಿಂಹನಂತೂ ಇನ್ನೂ ಮುಂದೆ ಹೋದ. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ವರ್ತಕರಿಗೆ ಪೂರ್ತಿ ಹಣ ಕೊಡುತ್ತಿದ್ದನೆಂದು ಪೋರ್ತುಗೀಸ ನೂನಿಜ್ ಬರೆದಿಟ್ಟಿದ್ದಾನೆ. ಕೊಟ್ಟವನು ಅರಸ, ಹಣ ಪ್ರಜೆಗಳದು ಎಂಬುದನ್ನು ಮಾತ್ರ ಮರೆಯಬಾರದು!

ನಮ್ಮ ಕೃಷ್ಣಾ ಘಟಪ್ರಭೆಯ ಸೀಮೆಯ ಕಥೆ ಬೇರೆ. ಮುಧೋಳದ ಘೋರ್ಪಡೆಯವರು ಆದಿಲಶಾಹಿಯ ಸರದಾರರು. ಜಮಖಂಡಿಯ ಪಟವರ್ಧನರು ಪೇಶವೆಯವರ ಸರದಾರರ ಮನೆತನ. ಎರಡೂ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಇಂಥ ಸರದಾರರ ಬಲವೇ ಕುದುರೆ ದಂಡು. ಮರಾಠಿ ದಂಡಿನಲ್ಲಿ ರಾವುತರು ಎರಡು ಬಗೆ: ಸರಕಾರದ ಪಾಗೆಯ ಕುದುರೆಯನ್ನೇರಿದವನು ಬಾರಗೀರ, ಸ್ವಂತ ಕುದುರೆ, ಸ್ವಂತ ಆಯುಧ ತಂದವನು ಶಿಲೇದಾರ. ಶಿಲೇದಾರನಿಗೆ ಸಂಬಳ ಹೆಚ್ಚು, ಮಾನವೂ ಹೆಚ್ಚು. ಆದರೆ ಬಾರಗೀರನ ಕುದುರೆ ಕುಂಟಿದರೆ ಪಾಗೆಗೆ ನಷ್ಟ. ಶಿಲೇದಾರನ ಕುದುರೆ ಕುಂಟಿದರೆ ಅವನ ಒಲೆಗೇ ನಷ್ಟ. ಹೊಸ ಕುದುರೆ ಕೊಳ್ಳಲು ಸಾಲ, ಇಲ್ಲವೆ ಇನ್ನೊಬ್ಬನ ಕುದುರೆಗೆ ಬಾರಗೀರನಾಗುವ ಇಳಿಜಾರು. ಅದಕ್ಕೇ ಶಿಲೇದಾರರು ಕಾಳಗದಲ್ಲಿ ಕುದುರೆಯನ್ನು ಅಪಾಯಕ್ಕೊಡ್ಡಲು ಹಿಂಜರಿಯುತ್ತಿದ್ದರೆಂಬ ದೂರು. ನನಗೆ ಅದು ಹೇಡಿತನವೆನಿಸದು. ಬಡವನ ಎತ್ತಿನಂತೆ ಅದು.

ಇಂಗ್ಲಿಷರ ಶಿಲೇದಾರಿ ರಿಸಾಲೆಗಳು ಇದಕ್ಕೊಂದು ಉಪಾಯ ಹೂಡಿದವು. ಪ್ರತಿ ಸವಾರನೂ ತಿಂಗಳಿಗಿಷ್ಟೆಂದು ಚಂದಾ ಹಾಕಬೇಕು. ಯಾರದಾದರೂ ಕುದುರೆ ಸತ್ತರೆ, ಕೆಲಸಕ್ಕೆ ಬಾರದಾದರೆ, ಆ ನಿಧಿಯಿಂದ ನೆರವು. ಮೊದಲ ಮಹಾಯುದ್ಧದ ತರುವಾಯ ಈ ಪದ್ಧತಿ ನಿಂತುಹೋಯಿತು. ಒಬ್ಬನ ತಲೆಯ ಮೇಲಿನ ಭಾರವನ್ನು ನೂರು ಜನ ಹೊತ್ತ ಆ ಬುದ್ಧಿಯೂ ಅದರೊಡನೆಯೇ ಹೋದದ್ದು ಸರಿಯಲ್ಲ.

ಏಕೆಂದರೆ ಇಂದಿನ ರೇಸಿನ ಒಡೆಯ ಮತ್ತೆ ಒಂಟಿ ಶಿಲೇದಾರನೇ. ಹಣವಂತ ಶಿಲೇದಾರ, ಅಷ್ಟೆ. ಟಿಪ್ಪುವಿನ ದಂಡಿಗೆ ಕುದುರೆ ಒದಗಿಸುತ್ತಿದ್ದ ಕುಣಿಗಲ್ಲು ಮುಂದೆ ರೇಸಿನ ತಳಿಗಳ ತವರಾಯಿತು. ಹೆಣ್ಣುಕುದುರೆ ಸೋತರೂ ಹೆಸರುಳ್ಳ ತಳಿಯದಾದರೆ ಇಂಥ ತವರು ಸೇರಬಹುದು. ಬೀಜ ತೆಗೆದ ಗಂಡಿಗೆ ಆ ಬಾಗಿಲೂ ಇಲ್ಲ. ತಾಳ್ಮೆಯ ಸ್ವಭಾವವಿದ್ದರೆ ಸವಾರಿ ಶಾಲೆ, ಪೊಲೀಸ್ ಅಶ್ವದಳ. ಇಲ್ಲವಾದರೆ ಕೈಯಿಂದ ಕೈಗೆ ಮಾರಾಟ. ಬ್ರಿಟನ್ನಿನ ರೇಸಿನವರು ಇಂಥವಕ್ಕೆ ಬೇರೆ ಕೆಲಸ ಕಲಿಸಲೆಂದು 2000ದಲ್ಲಿ ಒಂದು ಸಂಸ್ಥೆ ಕಟ್ಟಿದರು. ಇಲ್ಲಿಯೂ ಪ್ರತಿ ಬಹುಮಾನದ ಮೊತ್ತದಿಂದ ಮೊದಲೇ ಚಂದಾ ಮುರಿದುಕೊಳ್ಳಬಾರದೇಕೆ? ಬಹುಪಾಲು ರೇಸಿನ ಕುದುರೆಗಳ ಓಟ ಎಂಟು ವರ್ಷ ತುಂಬುವ ಮೊದಲೇ ಮುಗಿಯುತ್ತದೆ. ಆಯುಷ್ಯವೋ, ಸರಿಯಾಗಿ ಮೇವು ಸಿಕ್ಕರೆ, ಇಪ್ಪತ್ತೈದರವರೆಗೂ ಉಂಟು.